ಗ್ವಾಯ್ ಇಲ್ಲ

ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ಕಾದ ರೆಗ್ಜಿನ್ ಸೀಟಿನ ವಾಸನೆ ಮುಖಕ್ಕೆ ಹೊಡೆಯುತ್ತದೆ. ಬೇರೆಯವರಿಗೆ ಅದು ಕ್ಷಣದ ಕಿರಿಕಿರಿ. ನಾನು ಇಂದಿಗೂ ಮೊದಲು ಹಿಂದಿನ ಸೀಟಿನಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ನೋಡುತ್ತೇನೆ. ಮೊನ್ನೆ ಮಂಗಳೂರಿನಲ್ಲಿ, ಮೊಮ್ಮಗಳ ಪ್ಲೇಸ್ಕೂಲಿನ ಎದುರು ಹಾಗೆಯೇ ಆಯಿತು. ಕೆಳಗಿನ ಮನೆಯ ಅಜ್ಜಿ ನೆನಪಾದರು...

ತೊಂಬತ್ತರ ದಶಕದಲ್ಲಿ ನಾವು ಬಹರೈನಿನ ಈಸಾ ಟೌನಿನಲ್ಲಿದ್ದೆವು. ಕೆಳಗಿನ ಫ್ಲ್ಯಾಟಿನಲ್ಲಿ ಒಂದು ಚೀನೀ ಸಂಸಾರ. ಗಂಡ ಹೆಂಡತಿ ಇಬ್ಬರೂ ಬೆಳಗಾದರೆ ಕೆಲಸಕ್ಕೆ ಹೋಗುವವರು. ನಾಲ್ಕು ವರ್ಷದ ಮಗಳನ್ನು ಬೆಳೆಸಲೆಂದೇ ಗಂಡನ ತಾಯಿ ಚೀನಾದಿಂದ ಬಂದಿದ್ದರು. ಅಪ್ಪ ಅಮ್ಮ ದುಡಿಯುವುದು, ಅಜ್ಜಿ ಮಗುವನ್ನು ತಿದ್ದುವುದು ಅವರಲ್ಲಿ ರೂಢಿಯಂತೆ.

ಮಗುವಿಗೆ ತಣ್ಣೀರು ಇಲ್ಲ, ಫ್ಲಾಸ್ಕಿನ ಬಿಸಿನೀರೇ. ಹೊಟ್ಟೆಗೆ ತಂಪು ತಾಗಬಾರದೆಂದು ಆ ಸೆಕೆಯಲ್ಲೂ ಅಂಗಿಯೊಳಗೆ ಉಣ್ಣೆಯ ಬನಿಯನು. ಸಂಜೆ ಮೆಟ್ಟಿಲ ಬಳಿಯ ಟೈಲ್ಸಿನ ಮೇಲೆ, ನೀರಿನಲ್ಲಿ ಅದ್ದಿದ ಕುಂಚದಿಂದ ಅಕ್ಷರ ಬರೆಸುತ್ತಿದ್ದರು. ಅಕ್ಷರ ಮುಗಿಯುವಷ್ಟರಲ್ಲಿ ಅದರ ಮೊದಲ ಗೆರೆ ಆರಿಹೋಗಿರುತ್ತಿತ್ತು. ಮಗು ಬೇಸರಿಸದೆ ಮತ್ತೆ ಬರೆಯುತ್ತಿತ್ತು. ಕಿತ್ತಳೆ ಸುಲಿದರೆ ಮೊದಲ ತೊಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಡುತ್ತಿತ್ತು. ಆಗ ಅಜ್ಜಿ "ಗ್ವಾಯ್" ಎನ್ನುತ್ತಿದ್ದರು. ಹೇಳಿದ್ದು ಕೇಳುವ, ಹಠ ಮಾಡದ ಮಗು ಎಂದರ್ಥ. ತಮ್ಮಲ್ಲಿ ಮಕ್ಕಳಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದು ಮಗುವಿನ ತಾಯಿ ಹೇಳಿದ್ದಳು.

ನನ್ನ ಮಗಳಿಗೂ ಅದೇ ವಯಸ್ಸು. ಯಾವುದಕ್ಕೂ "ಇಲ್ಲ" ಎನ್ನುವುದೇ ಅವಳ ಕೆಲಸ. ಅವಳಿಂದ ಆ ಒಂದು ಕನ್ನಡ ಶಬ್ದ ಕಲಿತ ಅಜ್ಜಿ ಅವಳ ಮೂಗು ಹಿಂಡಿ ನಗುತ್ತಿದ್ದರು: "ಗ್ವಾಯ್ ಇಲ್ಲಾ!" ಬಿ.ಎಸ್ಸಿ. ಓದಿದ ನಾನು ಮಗಳಿಗೆ ಗದರುತ್ತಿದ್ದೆ: "ಅವಳನ್ನು ನೋಡಿಯಾದ್ರೂ ಕಲಿ ಮಾರಾಯ್ತಿ, ಹೇಗೆ ಕೂತಿದ್ದಾಳೆ ನೋಡು."

ಮಕ್ಕಳಿಬ್ಬರೂ ಒಂದೇ ವ್ಯಾನಿನಲ್ಲಿ ನರ್ಸರಿಗೆ ಹೋಗುತ್ತಿದ್ದರು. ಕೈ ಮೊಣಕಾಲಿನ ಮೇಲಿರಬೇಕು, ಹೆಸರು ಕರೆಯುವವರೆಗೆ ಏಳಬಾರದು ಎಂದು ಅಜ್ಜಿ ಕಲಿಸಿದ್ದರು. ಮೇ ತಿಂಗಳ ಒಂದು ದಿನ ಹೊಸ ಡ್ರೈವರ್ ಬಂದ. ನರ್ಸರಿಯ ಗೇಟಿನಲ್ಲಿ ಪಟ್ಟಿ ನೋಡಿ, ಹೆಸರು ಕರೆದು ಮಕ್ಕಳನ್ನು ಇಳಿಸಿದ. ಆ ಮಗು ಮನೆಯಲ್ಲಿ ‘ಚಿಂಗ್’, ನರ್ಸರಿಯಲ್ಲಿ ‘ಲಿಲ್ಲಿ’. ಪಟ್ಟಿಯಲ್ಲಿದ್ದ ಪಾಸ್‌ಪೋರ್ಟಿನ ಸ್ಪೆಲಿಂಗ್ ಓದಿ ಅವನು ಕೂಗಿದ್ದು ‘ಕ್ವಿಂಗ್’. ಯಾರೂ ಏಳಲಿಲ್ಲ. ಬಂದಿಲ್ಲವೆಂದು ಗೀಟು ಹಾಕಿದ. ಹಿಂದಿನ ಸೀಟಿನತ್ತ ಕಣ್ಣೂ ಹಾಯಿಸದೆ ವ್ಯಾನಿಗೆ ಬೀಗ ಹಾಕಿ ಚಹಾ ಕುಡಿಯಲು ಹೋದ.

ಮಗಳು ಬಿಟ್ಟುಹೋದ ನೀರಿನ ಬಾಟಲಿ ಹಿಡಿದು ನಾನು ಅಲ್ಲಿಗೆ ಹೋಗುವಾಗ ಮುಕ್ಕಾಲು ಗಂಟೆಯಾಗಿತ್ತು. ಬಿಸಿಲಲ್ಲಿ ನಿಂತ ವ್ಯಾನಿನ ಗಾಜಿನಾಚೆ ಎರಡು ಜಡೆ ಕಂಡವು. ನೆಟ್ಟಗೆ ಕೂತಿದ್ದಳು. ಕೈ ಮೊಣಕಾಲಿನ ಮೇಲೆ. ಮುಖ ಕೆಂಡದ ಹಾಗೆ, ತುಟಿ ಬೆಳ್ಳಗೆ. ಗಾಜು ಬಡಿದೆ. ನನ್ನನ್ನು ನೋಡಿದಳು... ಏಳಲಿಲ್ಲ. ಆಗ "ಚಿಂಗ್!" ಎಂದು ಕಿರುಚಿದೆ. ಎದ್ದಳು. ಎರಡು ಹೆಜ್ಜೆ ಇಟ್ಟು ಬಿದ್ದಳು.

ನನ್ನ ಕಾರಿನ ಡಿಕ್ಕಿಯಿಂದ ಸ್ಪ್ಯಾನರ್ ತಂದು ಡ್ರೈವರ್ ಬದಿಯ ಗಾಜು ಒಡೆದೆ. ವಾಚ್‌ಮನ್ ಓಡಿಬಂದು ಕೂಗಿದ: "ಮೇಡಂ, ಯೇ ಕ್ಯಾ ಕಿಯಾ! ಗಾಡೀ ಕಾ ಶೀಶಾ!" ಗಾಜಂತೆ, ಗಾಜು! ಬಾಗಿಲು ತೆರೆದಾಗ ಆ ವಾಸನೆ...

ಮಗು ಬದುಕಿತು. ನರ್ಸರಿಯ ಹೆಡ್‌ಮಿಸ್ ನಮ್ಮ ಕರಾವಳಿಯವರೇ. ಆಸ್ಪತ್ರೆಗೆ ಬಂದು ನನಗೆ ಹೇಳಿದರು: "ಕೂಗಿದ್ರೆ ಗೊತ್ತಾಗ್ತಿತ್ತಲ್ಲ ಮಾರಾಯ್ರೆ. ಪಾಪ, ಭಾರಿ ಒಳ್ಳೆ ಮಗು ಅದು, ಚೂರು ಶಬ್ದ ಇಲ್ಲ." ನಾಲ್ಕು ವರ್ಷದ ಮಗುವಿನ ಒಳ್ಳೆಯತನವೇ ಅವರಿಗೆ ನೆಪವಾಯಿತು! ಅವಳು ಒಳಗಿದ್ದಾಳೆಂದು ಒಂದು ಮಗು ಹೇಳಿಯೂ ಇತ್ತು. ಅದು ನನ್ನ ಮಗಳು. "ಚಿಂಗ್ ವ್ಯಾನಲ್ಲೇ ಇದ್ದಾಳೆ ಅಂದೆ ಅಮ್ಮ. ಆಯಾ ‘ಫಿಂಗರ್ ಆನ್ ಯುವರ್ ಲಿಪ್ಸ್’ ಅಂದ್ರು," ಎಂದಳು ಅಂದು ಸಂಜೆ.

ಆದರೆ ನನ್ನ ಸಿಟ್ಟು ಬಿದ್ದದ್ದು ಅಜ್ಜಿಯ ಮೇಲೆ. ಆಸ್ಪತ್ರೆಯ ಮಂಚದ ಪಕ್ಕ ಕೂತು, ಮಗುವಿನ ಎದೆ ಸವರುತ್ತಾ ಅವರು "ಗ್ವಾಯ್, ಗ್ವಾಯ್" ಎನ್ನುತ್ತಿದ್ದರು. "ಇನ್ನೂ ಹೊಗಳ್ತೀರಾ? ನಿಮ್ಮ ಆ ಗ್ವಾಯ್ ಮಗುವನ್ನು ಕೊಲ್ತಿತ್ತು!" ಎಂದು ಕನ್ನಡದಲ್ಲೇ ಅರಚಿದೆ. ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಅವರು ಮಗುವಿನ ಮೈಮೇಲಿಂದ ಕೈ ತೆಗೆದರು. ನಾವು ನೊಂದ ಮಗುವಿಗೆ "ಇಲ್ಲ ಮಗಾ, ಇಲ್ಲ" ಎನ್ನುವ ಹಾಗೆ, ಅವರಲ್ಲಿ ಸಮಾಧಾನ ಮಾಡಲೂ ಅದೇ ಶಬ್ದವೆಂದು ಮಗುವಿನ ತಾಯಿ ಹೇಳಿದ್ದು ತಿಂಗಳುಗಳ ಮೇಲೆ. ಅಷ್ಟರಲ್ಲಿ ಅಜ್ಜಿ ಊರಿಗೆ ಹೋಗಿಯಾಗಿತ್ತು.

ನರ್ಸರಿಯವರು ಗಾಜು ಹಾಕಿಸಿದರು, ಡ್ರೈವರನ್ನು ಬದಲಿಸಿದರು, ಅಲ್ಲಿಗೆ ಮುಗಿಸಿದರು. ಕೆಳಗಿನ ಮನೆಯಲ್ಲಿ ಮಗ ತಾಯಿಯ ಮೇಲೇ ತಪ್ಪು ಹೊರಿಸಿ ಚೀನಾಕ್ಕೆ ಕಳಿಸಿದ. ಹೊರಡುವ ದಿನ ಅಜ್ಜಿ ಮೆಟ್ಟಿಲ ಬಳಿ ಪೆಟ್ಟಿಗೆ ಇಳಿಸಿ ನನ್ನ ಮಗಳ ಕೆನ್ನೆ ಮುಟ್ಟಿದರು. "ಗ್ವಾಯ್ ಇಲ್ಲಾ..." ಎಂದರು. ಈ ಸಲ ನಗಲಿಲ್ಲ. ಅಂಗಡಿಗಳಲ್ಲಿ ಕಲಿತ, ಒಳ್ಳೆಯದು ಎಂಬರ್ಥದ ಹಿಂದಿ ಮಾತೊಂದನ್ನು ಸೇರಿಸಿದರು: "ಅಚ್ಛಾ."

ಆಸ್ಪತ್ರೆಯಲ್ಲಿ ಅರಚಿದ್ದಕ್ಕೆ ಕ್ಷಮೆ ಕೇಳಲು ನಮ್ಮಿಬ್ಬರಿಗೂ ಗೊತ್ತಿದ್ದ ಭಾಷೆ ಇರಲಿಲ್ಲವೆಂದು ಹೇಳಿಕೊಳ್ಳುತ್ತೇನೆ. ಸುಳ್ಳು. ಕೈ ಹಿಡಿಯಬಹುದಿತ್ತು.

ಮೊನ್ನೆ ಪ್ಲೇಸ್ಕೂಲಿನ ಟೀಚರ್ ಹೇಳಿದರು: "ನಿಮ್ಮ ಮೊಮ್ಮಗಳು ಎಷ್ಟು ಒಳ್ಳೆಯವಳು ಆಂಟಿ! ಕೂರಿಸಿದಲ್ಲಿ ಕೂತಿರ್ತಾಳೆ." ಮೈ ಉರಿಯಿತು. ಕಾದ ಕಾರಿನ ಎಲ್ಲ ಕಿಟಕಿ ಇಳಿಸಿ, ಮಗುವನ್ನು ಸ್ಟೀರಿಂಗ್ ಮುಂದೆ ಕೂರಿಸಿದೆ.

"ಒಬ್ಬಳೇ ಒಳಗೆ ಉಳಿದ್ರೆ ಇದನ್ನು ಒತ್ತಬೇಕು. ಒತ್ತು."

"ಟೀಚರ್ ಬೈತಾರೆ, ಅಜ್ಜಿ."

"ಬೈಲಿ. ಒತ್ತು."

ಒತ್ತಿದಳು. ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಬೀದಿಯವರೆಲ್ಲ ತಿರುಗಿದರು, ಟೀಚರ್ ಗೇಟಿಗೆ ಓಡಿಬಂದರು. ಕೆಳಗಿನ ಮನೆಯ ಅಜ್ಜಿ ಈಗ ಬದುಕಿರಲಾರರು...

"ಗ್ವಾಯ್ ಇಲ್ಲಾ," ಎಂದೆ ಮೊಮ್ಮಗಳಿಗೆ. ಆ ಅಜ್ಜಿಯ ಇನ್ನೊಂದು ಮಾತನ್ನೂ ಸೇರಿಸಿದೆ: "ಅಚ್ಛಾ."