ಹೊಂಬಾಳಮ್ಮನ ಹಳೇಬಟ್ಟೆ ಜಗಲಿ

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಮಹಡಿ ಎಬ್ಬಿಸಿದವರೆಲ್ಲ ಒಂದೇ ಜಾತಿಯ ಜಿಪುಣರು ಎಂಬುದು ಹೊಂಬಾಳಮ್ಮನ ತೀರ್ಮಾನ. ಮೆಟ್ಟಿಲಿಗೆಲ್ಲ ಗ್ರಾನೈಟ್ ಹಾಕಿಸುತ್ತಾರೆ, ಗೇಟಿಗೆ ಬಂಗಾರದ ಬಣ್ಣ ಬಳಿಸುತ್ತಾರೆ, ರವಿಕೆಯ ಹೊಲಿಗೆ ಬಿಚ್ಚಿದರೆ ಮಾತ್ರ ‘ಒಂದು ಗೆರೆ ತಾನೇ, ಸುಮ್ನೆ ಹಾಕ್ಕೊಡು’ ಎಂದು ಹಲ್ಲು ಕಿಸಿಯುತ್ತಾರೆ. ಅಂಥದ್ದೇ ಒಂದು ಮನೆಯ ಜಗಲಿಯ ಮೇಲೆ ಹದಿನಾಲ್ಕು ವರ್ಷ ಹೊಲಿಗೆ ಮಿಷನ್ ತುಳಿದವಳಿಗೆ ಇಷ್ಟೂ ಗೊತ್ತಾಗದೆ ಇರುತ್ತದೆಯೇ?

ಆ ಮನೆಯಲ್ಲಿ ಮನುಷ್ಯರು ಅಂತ ಇದ್ದದ್ದು ಒಬ್ಬರೇ, ಯಜಮಾನಿ ರಂಗಮ್ಮ. ದಂಡಿನಶಿವರದಿಂದ ಮಿಷನ್ ಹೊತ್ತು ಬಂದು ಬೀದಿಯಲ್ಲಿ ಜಾಗ ಹುಡುಕುತ್ತಿದ್ದವಳನ್ನು ಕರೆದು ಕೂರಿಸಿದವರು ಅವರೇ. “ಬಾಡಿಗೆ ಗೀಡಿಗೆ ಏನೂ ಬ್ಯಾಡ ಕಣೇ. ಮಳೆ ಬಂದ್ರೆ ಮಿಷನ್ ಒಳಕ್ಕೆ ತಳ್ಕೋ. ನಂಗೂ ಮಾತಾಡಾಕೆ ಒಂದು ಜನ ಆಯ್ತು” ಎಂದಿದ್ದರು. ಅಷ್ಟೇ ಕರಾರು.

ರೆಡಿಮೇಡ್ ಬಂದು ರವಿಕೆ, ಲಂಗಗಳ ಕೆಲಸ ನಿಂತುಹೋದಾಗ ಹೊಂಬಾಳಮ್ಮ ಹಳೇ ಬಟ್ಟೆಗೆ ಕೈ ಹಾಕಿದಳು. ಮಂಡಿಯಲ್ಲಿ ಕಾಯಿ ಸುಲಿಯುವ ಕರಿಯಪ್ಪ ಬಿಸಾಕಲು ಹೊರಟಿದ್ದ ಅಂಗಿಗಳನ್ನು ಕಸಿದುಕೊಂಡಳು. ತೆಂಗಿನ ಸಿಪ್ಪೆಯ ರಸ ಬಟ್ಟೆಗೆ ತಾಗಿದರೆ ಕಂದು ಕಲೆ ಕೂರುತ್ತದೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಊರೆಲ್ಲ ಆ ಕಲೆ ತೆಗೆಯಲು ಹೆಣಗಿದರೆ ಇವಳು ಕಲೆಯಿದ್ದ ಭಾಗವನ್ನೇ ಕತ್ತರಿಸಿ, ಅಂಚಿನ ಸುತ್ತ ಕೆಂಪು ದಾರ ಓಡಿಸಿ ಹಳೇ ಸೀರೆಯ ಮೇಲೆ ಕೂರಿಸಿದಳು. ಚೀಲ, ಕುರ್ತಾ, ತೋಳಿಲ್ಲದ ಉದ್ದ ಕೋಟು. ಒಂದರ ಹಾಗೆ ಇನ್ನೊಂದಿಲ್ಲ, ಏಕೆಂದರೆ ಒಂದು ಕಲೆಯ ಹಾಗೆ ಇನ್ನೊಂದಿರುವುದಿಲ್ಲ.

ಅವಳದ್ದೊಂದು ಪದ್ಧತಿ ಇತ್ತು. ಬಟ್ಟೆ ಯಾರದ್ದೆಂದು ಕೊಳ್ಳುವವರಿಗೆ ಹೇಳಿಯೇ ಕೊಡುತ್ತಿದ್ದಳು. ಇದು ಕರಿಯಪ್ಪನ ಅಂಗಿ, ಇದು ಹಾಲ್ಕುರಿಕೆ ಸಿದ್ದಕ್ಕನ ಸೀರೆ. ಕೇಳಿದ ಅರ್ಧ ಜನ ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಮೂಗು ಮುರಿದುಕೊಂಡು ಹೋಗುತ್ತಿದ್ದರು.

“ಹೋಗ್ಲಿ ಬುಡು. ಅಂಗಡೀಲಿ ತರೋ ಹೊಸಾದನ್ನ ಇವರಿಗಿಂತ ಮುಂಚೆ ಎಷ್ಟು ಜನ ತೊಟ್ಟು ನೋಡಿ ಬಿಚ್ಚಿಟ್ಟವ್ರೋ” ಎಂದು ರಂಗಮ್ಮನ ಮುಂದೆ ಉಗಿಯುತ್ತಿದ್ದಳು. ರಂಗಮ್ಮ ಬಾಯಿಗೆ ಸೆರಗು ಅಡ್ಡ ಇಟ್ಟು ನಗುತ್ತಿದ್ದರು.

ಹೋದ ವರ್ಷ ರಂಗಮ್ಮ ತೀರಿಕೊಂಡರು. ನೆಂಟರೆಲ್ಲ ಒಂದೊಂದು ಸೀರೆ ತಂದು ದೇಹದ ಮೇಲೆ ಹೊದಿಸಿದರು. ಸೊಸೆ ಗಿರಿಜಾಂಬಿಕಾ ಹೊದಿಸಿದ್ದು ಕಡು ಹಸಿರಿನ, ಕಿತ್ತಳೆ ಅಂಚಿನ ಒಂದು ದರಿದ್ರ ಸೀರೆ. ರಿಯಾಯಿತಿ ರಾಶಿಯಿಂದ ಎತ್ತಿಕೊಂಡು ಬಂದಿದ್ದಳು, ಬೆಲೆಯ ಚೀಟಿ ಪಿನ್ನಿನ ಸಮೇತ ಹಾಗೇ ಇತ್ತು. ನಲವತ್ತು ಎಕರೆ ತೋಟ ಬಿಟ್ಟು ಹೋದ ಅತ್ತೆಗೆ ಆ ಚೀಟಿಯನ್ನಾದರೂ ಕಿತ್ತು ಹೊದಿಸಬಾರದೇ? ಹೊಂಬಾಳಮ್ಮ ಅಳುವುದನ್ನು ಬಿಟ್ಟು ಆ ಚೀಟಿಯನ್ನೇ ನೋಡುತ್ತ ನಿಂತಿದ್ದಳು.

ತೋಟದಲ್ಲಿ ಮಣ್ಣು ಮಾಡುವಾಗ ಅರಳಗುಪ್ಪೆಯ ತವರಿನವರು ತಂದ ಸೀರೆಯೊಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ತೆಗೆದರು. ಅವು ಗುಂಡಿ ತೋಡಿದವರಿಗೆ ಸೇರಬೇಕಾದ್ದು. ತೋಡಿದವನು ಕರಿಯಪ್ಪ. ಮನೆಯಲ್ಲಿ ಉಡುವವರಿಲ್ಲವೆಂದು ಅವನು ಆ ಗಂಟನ್ನು ತಂದು ಜಗಲಿಯ ಮೇಲೆ ಇಟ್ಟ. “ನೋಡಕ್ಕ, ಏನಾರಾ ಮಾಡ್ಕೋ” ಎಂದ.

ಹಸಿರು ಸೀರೆಯನ್ನು ನೆನೆಹಾಕಿದರೆ ಬಕೆಟ್ ನೀರೆಲ್ಲ ಹಸಿರು. ಒಂಬತ್ತು ಸಲ ಉಪ್ಪುನೀರಿನಲ್ಲಿ ಅದ್ದಿದಳು, ಒಂಬತ್ತು ಸಲವೂ ಕೊಟ್ಟವಳನ್ನು ಬೈದಳು. ಬಣ್ಣವೆಲ್ಲ ಬಿಟ್ಟ ಮೇಲೆ ಅದು ತೆಂಗಿನ ಎಳೇ ಗರಿಯ ಬಣ್ಣಕ್ಕೆ ಬಂದು ಚೆಂದವಾಗಿಬಿಟ್ಟಿತು. ಕರಿಯಪ್ಪನ ಅಂಗಿಯನ್ನು ಭುಜಕ್ಕೆ ಕೊಟ್ಟು ಉದ್ದ ಕೋಟು ಹೊಲಿದಳು. ಯೋಗಿತಾ ಎಂಬ ಹುಡುಗಿ, ತುಮಕೂರಿನ ಮಾರಾಟ ಮೇಳಗಳಿಗೆ ಬಟ್ಟೆ ಒಯ್ಯುವವಳು, ಬಂದವಳೇ ಅದನ್ನು ಎದೆಗೆ ಒತ್ತಿಕೊಂಡು “ಎಂಥ ಕೈ ರೀ ನಿಮ್ದು” ಎಂದಳು. ಹದಿನಾಲ್ಕು ವರ್ಷದಲ್ಲಿ, ರಂಗಮ್ಮನನ್ನು ಬಿಟ್ಟರೆ, ಅಂಥ ಮಾತು ಆಡಿದ ಬಾಯಿ ಅದೊಂದೇ. ಹೊಂಬಾಳಮ್ಮ ಉಬ್ಬಿಹೋದಳು. ಸೀರೆ ಯಾರದ್ದೆಂದು ಅವಳು ಕೇಳಲಿಲ್ಲ, ಆ ಉಬ್ಬಿನಲ್ಲಿ ಪದ್ಧತಿ ಮರೆತು ಇವಳೂ ಹೇಳಲಿಲ್ಲ. ಹುಡುಗಿ ಬಸ್ಸು ಹತ್ತಿದ ಮೇಲೆ, ಎರಡು ಒಳ್ಳೇ ಮಾತಿಗೆ ರಂಗಮ್ಮನ ಸೀರೆ ಕೊಟ್ಟುಬಿಟ್ಟೆನಲ್ಲ ಎಂದು ಪೇಚಾಡಿಕೊಂಡಳು. ಜಿಪುಣರನ್ನು ಬೈದ ಬಾಯಲ್ಲೇ ತನ್ನನ್ನೂ ಬೈದುಕೊಂಡಳು.

ಅತ್ತೆಯ ವರ್ಷದ ಕಾರ್ಯ ಮುಗಿದದ್ದೇ ತಡ, ಗಿರಿಜಾಂಬಿಕಾ ಜಗಲಿಗೆ ಬಂದಳು.

“ಯುಗಾದಿ ಒಳಗೆ ಖಾಲಿ ಮಾಡು. ಕಂಡೋರು ಉಟ್ಟು ಬಿಟ್ಟಿದ್ದೆಲ್ಲ ನಮ್ಮ ಬಾಗ್ಲಲ್ಲಿ ರಾಶಿ ಬಿದ್ದಿರ್ತದೆ. ನೋಡ್ದೋರು ಏನಂದ್ಕೋಬೇಕು?”

ಹೋಗುವುದಾದರೂ ಎಲ್ಲಿಗೆ? ಪೇಟೆಯಲ್ಲಿ ಜಗಲಿಗಳೇ ಉಳಿದಿಲ್ಲ, ಎಲ್ಲ ಶಟರ್ ಆಗಿವೆ. ಗಿರಾಕಿಗಳಿಗೆ ಗೊತ್ತಿರುವುದು ಇದೊಂದೇ ಜಾಗ. ಜಗಲಿ ಹೋದರೆ ಕಸುಬೂ ಹೋಯಿತು. ಹಾಗಂತ ಈ ಹೆಂಗಸಿನ ಮುಂದೆ ಕೈ ಮುಗಿಯುವುದು ಹೊಂಬಾಳಮ್ಮನ ಕೈಲಾಗುವ ಕೆಲಸವಲ್ಲ.

ಯುಗಾದಿಗೆ ಒಂದು ವಾರ ಇರುವಾಗ ಗಿರಿಜಾಂಬಿಕಾ ಮತ್ತೆ ಬಂದಳು, ಜೊತೆಗೆ ಮಗಳು ನಯನ. ತಾಯಿಯ ಮೈಮೇಲೆ ಎಳೇ ಗರಿಯ ಬಣ್ಣದ ಉದ್ದ ಕೋಟು. ಅದನ್ನು ಬಿಚ್ಚಿ ಮಿಷನ್ನಿನ ಮೇಲೆ ಇಟ್ಟಳು.

“ಹೋಗೋಕೆ ಮುಂಚೆ ಇದರ ಸೊಂಟ ಒಂದಿಂಚು ಹಿಡಿದುಕೊಡು. ಹುಷಾರು, ನಯನ ತುಮಕೂರಿನ ಮೇಳದಲ್ಲಿ ಕೊಡಿಸಿದ್ದು. ಇಂಥದ್ದು ಇನ್ನೊಂದಿಲ್ಲವಂತೆ. ಕೆಲಸ ಅಂದ್ರೆ ಇದು, ನೋಡಿ ಕಲ್ತುಕೋ.”

“ಹಳೇ ಬಟ್ಟೇಲಿ ಮಾಡಿರೋದು ಆಂಟಿ, ಪರಿಸರಕ್ಕೆ ಒಳ್ಳೇದು” ಎಂದಳು ನಯನ.

“ಅದು ಬೇರೆ ಹಳೇದು ಕಣಮ್ಮ. ದೊಡ್ಡ ದೊಡ್ಡ ಮನೆಯೋರದ್ದು” ಎಂದಳು ತಾಯಿ.

ಹೊಂಬಾಳಮ್ಮ ಕೋಟನ್ನು ಒಳಮಗ್ಗುಲು ಮಾಡಿದಳು. ತನ್ನದೇ ಕೆಂಪು ದಾರ. ಎಂಥ ನಗು ಬಂತೆಂದರೆ ಕೆನ್ನೆ ಕಚ್ಚಿ ತಡೆದುಕೊಂಡಳು. ಬಾಯಿ ಮುಚ್ಚಿಕೊಂಡು ಒಂದಿಂಚು ಹಿಡಿದುಕೊಟ್ಟು ಕಳಿಸಿಬಿಡುತ್ತಿದ್ದಳೋ ಏನೋ. ಅಷ್ಟರಲ್ಲಿ ನಯನ ಕೇಳಿದಳು: “ಯಾರ ಸೀರೆ ಇರಬಹುದು ಆಂಟಿ?”

“ಬಟ್ಟೆ ಯಾರದ್ದು ಅಂತ ಹೇಳೋದು ನನ್ನ ಪದ್ಧತಿ ಕಣವ್ವ. ಭುಜಕ್ಕೆ ಇರೋದು ಕಾಯಿ ಸುಲಿಯೋ ಕರಿಯಪ್ಪನ ಅಂಗಿ. ಸೀರೆ ನಿಮ್ಮಜ್ಜೀದು. ಮಣ್ಣಿನ ದಿನ ನಿಮ್ಮಮ್ಮಾರೇ ಅವರ ಮೇಲೆ ಹೊದಿಸಿದ್ದು.”

“ಬಾಯಿಗೆ ಬಂದಂಗೆ ಮಾತಾಡಬೇಡ” ಎಂದಳು ಗಿರಿಜಾಂಬಿಕಾ.

“ಬೆಲೆ ಚೀಟಿಗೆ ಹೊಡೆದಿದ್ದ ಪಿನ್ನಿನ ತೂತು ಇಲ್ಲೇ ಅವೆ, ನೋಡಿ, ಅಂಚಿನ ಪಕ್ಕ ಎರಡು. ಮುಚ್ಚಾಕೆ ನಂಗೆ ಮನಸ್ಸು ಬರ್ಲಿಲ್ಲ.”

ನಯನ ಆ ತೂತುಗಳನ್ನು ನೋಡಿದಳು, ಆಮೇಲೆ ತಾಯಿಯ ಮುಖ ನೋಡಿದಳು, ಒಳಗೆ ಹೋದಳು. ಗಿರಿಜಾಂಬಿಕಾ ಕೋಟು ತಾಗಿದ್ದ ಕತ್ತು, ಭುಜಗಳನ್ನು ಸೆರಗಿನಿಂದ ಉಜ್ಜಿಕೊಂಡಳು. ದನಿ ತಗ್ಗಿಸಿ, “ಅದನ್ನ ಸುಟ್ಟುಬಿಡು. ಯಾರ ಹತ್ರಾನೂ ಎತ್ತಬೇಡ. ಜಗಲಿ ಮೇಲೆ ಎಷ್ಟು ದಿನ ಬೇಕಾದ್ರೂ ಕೂತ್ಕೋ” ಎಂದಳು.

ರಂಗಮ್ಮ ನಗುತ್ತ ಕೊಟ್ಟಿದ್ದ ಜಾಗವನ್ನು ಇವಳು ಬಾಯಿ ಮುಚ್ಚಿಸುವ ಲಂಚವಾಗಿ ಕೊಡುತ್ತಿದ್ದಳು. ಅದೂ ಜಿಪುಣಿಯದ್ದೇ ಕೊಡುಗೆ, ಕೈಯಿಂದ ಏನೂ ಬಿಚ್ಚುವಂತಿಲ್ಲ.

“ಸುಡಾಕಿಲ್ಲ” ಎಂದಳು ಹೊಂಬಾಳಮ್ಮ.

ಮರುದಿನ ಬೆಳಿಗ್ಗೆಯಿಂದ ಅವಳು ಆ ಕೋಟನ್ನು ಸೀರೆಯ ಮೇಲೆ ತೊಟ್ಟೇ ಮಿಷನ್ನಿಗೆ ಕೂರುತ್ತಾಳೆ. ಅವಳ ಹೊಟ್ಟೆಗೆ ಗುಂಡಿ ಕೂಡುವುದಿಲ್ಲ, ಹಾಗೇ ಬಿಟ್ಟಿದ್ದಾಳೆ. ಯುಗಾದಿ ಬಂತು, ಹೋಯಿತು, ಜಗಲಿ ಬಿಡು ಎಂದು ಯಾರೂ ಹೇಳಲಿಲ್ಲ. ಗಿರಾಕಿಗಳು ಕೋಟು ಮುಟ್ಟಿ ನೋಡಿ, ಬಟ್ಟೆ ಯಾರದ್ದು ಎಂದು ಕೇಳುತ್ತಾರೆ.

“ರಂಗಮ್ಮಂದು” ಎನ್ನುತ್ತಾಳೆ, ಅಷ್ಟೇ.

ಗಿರಿಜಾಂಬಿಕಾ ಈಗ ಹಿತ್ತಲ ಬಾಗಿಲಿನಿಂದ ಓಡಾಡುತ್ತಾಳೆ.