ಮದ್ದು ಪಾಯಸ ತಿಂದ ಹುಡುಗಿ

ಈ ಸಲದ ಆಟಿ ತಿಂಗಳ ಹದಿನೆಂಟರಂದು ಮದ್ದು ಸೊಪ್ಪನ್ನು ಒಲೆಯ ಮೇಲಿಟ್ಟು ತೆಂಗಿನಕಾಯಿ ತುರಿಯಲು ಕೂತೆ. ಅರ್ಧ ಹೋಳು ತುರಿಯುವಷ್ಟರಲ್ಲಿ ಅಡುಗೆಮನೆಯ ತುಂಬ ಆ ವಾಸನೆ. ಸೊಪ್ಪಿನ ವಾಸನೆಯೂ ಅಲ್ಲ, ಕಷಾಯದ್ದೂ ಅಲ್ಲ, ಸಿಹಿಯಾಗಿ ಮೂಗಿಗೆ ಅಂಟಿಕೊಂಡುಬಿಡುತ್ತದೆ. ಪಾತ್ರೆಯ ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು. ಏಳು ವರ್ಷವಾಯಿತು, ಪ್ರತಿ ಆಟಿಯಲ್ಲೂ ಇದೇ ಹೊತ್ತಿಗೆ ನನ್ನ ಕೈ ನಿಂತುಹೋಗುತ್ತದೆ. ಆ ಹುಡುಗಿ ಬಾಗಿಲಲ್ಲಿ ನಿಂತು ‘ಇದೇನು’ ಎಂದು ಕೇಳಿದ ಹಾಗಾಗುತ್ತದೆ...

ಭಾಗಮಂಡಲದಿಂದ ಸ್ವಲ್ಪ ಮೇಲಕ್ಕೆ ನಮ್ಮ ಕಾಫಿ ತೋಟ. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಎರಡು ಕೋಣೆ ಕಟ್ಟಿಸಿ ಹೋಂಸ್ಟೇ ಎಂದು ಬೋರ್ಡು ಹಾಕಿ ಆಗಿನ್ನೂ ಎರಡು ವರ್ಷವಾಗಿತ್ತು. ಮಳೆಗಾಲದಲ್ಲಿ ಇಲ್ಲಿಗೆ ಯಾರು ಬರುತ್ತಾರೆ, ಜಿಗಣೆ ಬಿಟ್ಟರೆ? ಅಂಥದ್ದರಲ್ಲಿ ಮಡಿಕೇರಿ ಬಸ್ಸಿನಿಂದ ಇಳಿದು, ಬೆನ್ನ ಮೇಲೆ ತಮ್ಮಷ್ಟೇ ಎತ್ತರದ ಚೀಲ ಹೊತ್ತುಕೊಂಡು ಒಬ್ಬ ಹುಡುಗ, ಒಬ್ಬ ಹುಡುಗಿ ನಮ್ಮ ಅಂಗಳಕ್ಕೆ ಬಂದು ನಿಂತರು. ಹೊರದೇಶದವರು. ಇಡೀ ಏಷ್ಯಾ ಸುತ್ತಲು ಹೊರಟಿದ್ದರಂತೆ. ನೇಪಾಳ ಆಗಿತ್ತು, ಕಾಶಿ ಆಗಿತ್ತು, ಹಂಪಿ ಆಗಿತ್ತು. ಇಲ್ಲಿ ಎರಡು ದಿನ ಇದ್ದು ಮಾಕುಟ್ಟದ ಮೇಲೆ ಕೇರಳಕ್ಕೆ ಇಳಿಯುವುದು, ಅಲ್ಲಿಂದ ಶ್ರೀಲಂಕಾ, ಆಮೇಲೆ ಇನ್ನೂ ನಾಲ್ಕು ದೇಶ. ಮದುವೆಯಾಗಿದೆಯಾ ಎಂದು ಅತ್ತೆ ನನ್ನ ಕೈಲಿ ಕೇಳಿಸಿದರು. ಹುಡುಗಿ ನಕ್ಕಳು, ಅಷ್ಟೇ.

ಇಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಯಾವ ಹೊಸ ಊರಿಗೆ ಹೋದರೂ ಮೊದಲ ಒಂದು ಗಂಟೆಯೊಳಗೆ ಕಣ್ಣಿಗೆ ಬಿದ್ದದ್ದನ್ನು ಬೇರೆ ಬೇರೆ ಕೂತು ಬರೆಯಬೇಕು, ಆಮೇಲೆ ಪುಸ್ತಕ ಅದಲುಬದಲು ಮಾಡಿ ಓದಬೇಕು. ನಮ್ಮ ಮನೆಯ ಬಗ್ಗೆ ಹುಡುಗ ಬರೆದದ್ದು: ಹಸಿರು, ಒದ್ದೆ, ಕಾಫಿ ಚೆನ್ನಾಗಿದೆ. ಹುಡುಗಿ ಬರೆದದ್ದನ್ನು ಅವಳೇ ನನಗೆ ಓದಿ ಹೇಳಿದಳು. ‘ಈ ಮನೆಯ ಹೆಂಗಸು ಮಾತಾಡುವಾಗ ಬಾಗಿಲಿನ ಕಡೆಗೇ ನೋಡುತ್ತಾಳೆ.’

ನನಗೆ ಉರಿದುಹೋಯಿತು. ಒಂದು ಗಂಟೆ ಇದ್ದು ನನ್ನನ್ನು ಅಳೆಯಲು ಇವಳ್ಯಾರು? ಕೆಲಸದವಳು ಬರಲಿಲ್ಲವಲ್ಲ ಎಂದು ನೋಡುತ್ತಿದ್ದೆ ಮಾರಾಯ್ತಿ, ಎಂದು ನನ್ನ ಪಿಯುಸಿ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು, ಬರೆದದ್ದನ್ನು ಮಾತ್ರ ಹೊಡೆದುಹಾಕಲಿಲ್ಲ.

ಮೂರನೇ ದಿನ ಮಡಿಕೇರಿ ರಸ್ತೆಯ ಮೇಲೆ ಗುಡ್ಡ ಕುಸಿಯಿತು. ಅದೇ ಸಂಜೆ ಭಾಗಮಂಡಲದ ಸಂಗಮದ ನೀರು ಏರಿ ನಾಪೋಕ್ಲು ಕಡೆಯ ದಾರಿಯೂ ಮುಳುಗಿತು. ಕರಿಕೆ ರಸ್ತೆಗೆ ಮರಗಳು ಬಿದ್ದವು. ಕರೆಂಟು ಹೋಯಿತು, ಫೋನು ಹೋಯಿತು. ನಮಗೇನೋ ಇದು ರೂಢಿ. ಕಕ್ಕಡದಲ್ಲಿ, ಅಂದರೆ ಈ ಆಟಿ ತಿಂಗಳಲ್ಲಿ, ಹೀಗೇ ಎಂದು ಮೊದಲೇ ಅಕ್ಕಿ, ಒಣಮೀನು, ಸೀಮೆಎಣ್ಣೆ ತಂದಿಟ್ಟುಕೊಳ್ಳುವ ಜನ ನಾವು. ಹುಡುಗ ಮಾತ್ರ ಬೋನಿಗೆ ಬಿದ್ದ ಹಾಗೆ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಮೇಜಿನ ಮೇಲೆ ನಕಾಶೆ ಹರಡಿಕೊಂಡು ಯಾವ ದೇಶದಲ್ಲಿ ಎಷ್ಟು ದಿನ ಕಡಿಮೆ ಮಾಡಬೇಕೆಂದು ಗೀಚುತ್ತಿದ್ದ. ಕೆಟ್ಟವನಲ್ಲ, ಸುಳ್ಳು ಹೇಳಬಾರದು. ಅತ್ತೆಗೆ ಸೌದೆ ಒಡೆದು ಕೊಡುತ್ತಿದ್ದ. ಆದರೆ ಅವನ ಕಣ್ಣು ಯಾವಾಗಲೂ ಮುಂದಿನ ಊರಿನಲ್ಲಿರುತ್ತಿತ್ತು.

ಐದನೇ ದಿನ ನಾನು ಒಣಮೀನು ಹುರಿಯುತ್ತಿದ್ದೆ. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಓಡಿದಳು. ವಾಪಸು ಬಂದಾಗ ನಾನು ಮಾತಾಡದೆ ನನ್ನ ಹೊಟ್ಟೆಯ ಮುಂದೆ ಕೈಯನ್ನು ದುಂಡಗೆ ಮಾಡಿ ತೋರಿಸಿದೆ. ಅವಳು ಹೌದೆಂದಳು. ತುಟಿಯ ಮೇಲೆ ಬೆರಳಿಟ್ಟಳು. ಹುಡುಗನಿಗೆ ಗೊತ್ತಿರಲಿಲ್ಲ.

‘ಇಲ್ಲಿ ಹೇಳೋದಿಲ್ಲ’ ಎಂದಳು, ನನಗೆ ಅರ್ಥವಾಗಲೆಂದು ಒಂದೊಂದೇ ಮಾತು ನಿಧಾನವಾಗಿ. ‘ಬಸ್ ಸ್ಟ್ಯಾಂಡ್ ಇರುವ ಊರಲ್ಲಿ ಹೇಳಬೇಕು. ನನಗೆ ಈ ಮಗು ಬೇಕು. ಅವನು ಬೇಡ ಅಂದರೆ ನಾನು ಎದ್ದು ಹೋಗುವ ಹಾಗಿರಬೇಕು.’

ಎಂಥಾ ಲೆಕ್ಕಾಚಾರ ಎನ್ನಿಸಿತು ನನಗೆ. ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಯಾಕೆ ಮುಚ್ಚಿಡಲಿ. ಎದ್ದು ಹೋಗುವ ದಾರಿ ನೋಡಿಟ್ಟುಕೊಂಡು ಮಾತು ಶುರು ಮಾಡುವ ಹೆಂಗಸರನ್ನು ನಾನು ನೋಡಿರಲೇ ಇಲ್ಲ. ಅವಳು ದಿನಾ ಬೆಳಿಗ್ಗೆ ನನ್ನ ಗಂಡನನ್ನು ‘ರಸ್ತೆ?’ ಎಂದು ಕೇಳುತ್ತಿದ್ದಳು. ಅವರು ಇಲ್ಲವೆಂದು ಕೈಯಾಡಿಸುತ್ತಿದ್ದರು. ಅವಳು ಇನ್ನೊಂದು ದಿನ ನುಂಗಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಆಟಿ ಹದಿನೆಂಟು ಬಂತು. ಅವತ್ತು ಆ ಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಎಂಬುದು ನಮ್ಮ ನಂಬಿಕೆ. ಅದರ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತೇವೆ. ಮಗಳು ಹೊಟ್ಟೆಯಲ್ಲಿದ್ದಾಗ ನಾನೂ ತಿಂದವಳೇ. ಇಬ್ಬರಿಗೂ ಬಡಿಸಿದೆ. ಹುಡುಗಿಗೆ ಎಷ್ಟು ಹಿಡಿಸಿತೆಂದರೆ ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಅದನ್ನು ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನಲ್ಲಿ ಮೊಲೆ ಬಿಟ್ಟ ಮಗುವಿಗೂ ಇದು ಗೊತ್ತು. ಮರುದಿನ ‘ಬಂತಾ ಕೆಂಪು?’ ಎಂದು ಒಬ್ಬರನ್ನೊಬ್ಬರು ಛೇಡಿಸುವುದೇ ಒಂದು ಹಬ್ಬ. ಇಷ್ಟು ಗೊತ್ತಿರುವ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕೆಂದು ನನ್ನ ಮಂದಬುದ್ಧಿಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಅವಳ ಕೂಗು ಕೇಳಿತು. ನಾನು ಓಡಿದೆ, ನನ್ನ ಹಿಂದೆ ಹುಡುಗ, ಅವನ ಹಿಂದೆ ಅತ್ತೆ. ಅವಳು ಬಾಗಿಲು ತೆಗೆದು ಗೋಡೆ ಹಿಡಿದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

‘ಮಗು ಹೋಯಿತು’ ಎಂದು ಅವನನ್ನು ನೋಡಿ ಅತ್ತಳು. ‘ನಿನಗೆ ಹೇಳಿರಲಿಲ್ಲ... ನಮ್ಮ ಮಗು ಹೋಯಿತು.’

ಆಗ ನಾನು ಅವನ ಮುಖ ನೋಡಿದೆ. ಅವಳೂ ನೋಡಿದಳು. ಮೊದಲು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ, ತಲೆಹೊರೆ ಇಳಿಸಿದವನ ಹಾಗೆ, ಅವನ ಮುಖ ಹಗುರಾಯಿತು. ಒಂದೇ ಒಂದು ಕ್ಷಣ. ಕೂಡಲೇ ಅವಳನ್ನು ತಬ್ಬಿಕೊಂಡ, ಕಣ್ಣೀರನ್ನೂ ಹಾಕಿದ. ಆದರೆ ಆ ಕ್ಷಣ ಬಂದು ಹೋಗಿ ಆಗಿತ್ತು.

‘ಎಂತ ಆತ್ ಗೂಡೆ?’ ಎಂದು ಹುಡುಗಿಯನ್ನು ಕೇಳುತ್ತಾ ಅತ್ತೆ ನನ್ನನ್ನು ತಳ್ಳಿಕೊಂಡು ಮುಂದೆ ಬಂದು ಬಚ್ಚಲಿನೊಳಗೆ ಇಣುಕಿದರು. ಇಣುಕಿದ್ದೇ ಚಪ್ಪಾಳೆ ತಟ್ಟಿ ನಗತೊಡಗಿದರು. ‘ಅಯ್ಯೋ, ರಕ್ತ ಅಲ್ಲ ಗೂಡೆ, ಮದ್ದ್! ಮದ್ದ್!’ ಆಮೇಲೆ ನನ್ನ ಕಡೆ ತಿರುಗಿ, ‘ಅದ್ಕೆ ನೀ ಹೇಳ್ತ್ಲೆನಾ?’

ಇಲ್ಲ, ಅವಳಿಗೆ ನಾನು ಹೇಳಿರಲಿಲ್ಲ. ಇಂಗ್ಲಿಷು, ಕೈಸನ್ನೆ ಎಲ್ಲ ಸೇರಿಸಿ, ಅಡುಗೆಮನೆಯಿಂದ ಉಳಿದ ಪಾಯಸ ತಂದು ತೋರಿಸಿ ಬಿಡಿಸಿ ಹೇಳಿದೆ. ಮಗುವಿಗೆ ಏನೂ ಆಗಿಲ್ಲ, ನಮಗೆಲ್ಲ ಹೀಗೇ ಎಂದೆ. ಹುಡುಗ ನಗಲು ನೋಡಿದ. ಅವಳು ನಗಲಿಲ್ಲ, ಅವನ ಕೈಯನ್ನು ತನ್ನ ಭುಜದಿಂದ ಮೆಲ್ಲಗೆ ತೆಗೆದಳು.

ಅದಾದ ಮೇಲೆ ನಾಲ್ಕು ದಿನ ರಸ್ತೆ ತೆರೆಯಲಿಲ್ಲ. ಅಬ್ಬಾ, ಆ ನಾಲ್ಕು ದಿನ! ಒಂದೇ ಕೋಣೆ, ಒಂದೇ ಮಂಚ, ಹೊರಗೆ ಕಾಲಿಡಲು ಜಾಗವಿಲ್ಲ. ಅವನು ಗಂಟೆಗಟ್ಟಲೆ ಏನೋ ವಿವರಿಸುತ್ತಿದ್ದದ್ದು ಗೋಡೆಯಾಚೆ ಕೇಳುತ್ತಿತ್ತು. ಮಗು ಇರಲಿ, ನಾನೂ ಇರುತ್ತೇನೆ ಎಂದೆಲ್ಲ ಹೇಳಿದನಂತೆ, ಅವಳೇ ಹೇಳಿದಳು. ‘ನಿಜವೂ ಇರಬಹುದು. ಆದರೆ ನಾನು ಮೊದಲು ನೋಡಿದ್ದು ಅದನ್ನಲ್ಲವಲ್ಲ’ ಎಂದಳು. ನಾನು ಮೊದಲೇ ಒಂದು ಮಾತು ಎಚ್ಚರಿಸಿದ್ದರೆ ಅವನಿಗೆ ಮುಖ ಸರಿಮಾಡಿಕೊಳ್ಳಲು ಹೊತ್ತು ಸಿಗುತ್ತಿತ್ತು. ಹಾಗೆ ಸಿಕ್ಕಿದ್ದರೆ ಒಳ್ಳೆಯದಾಗುತ್ತಿತ್ತೋ ಕೆಟ್ಟದ್ದಾಗುತ್ತಿತ್ತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹೊರಡುವ ದಿನ ಅವನು ಜೀಪಿಗೆ ಚೀಲ ಹಾಕುತ್ತಿದ್ದಾಗ ಅವಳು ನನ್ನ ಕೈ ಹಿಡಿದು ಕೇಳಿದಳು. ‘ನೀವು ಬಸುರಿ ಅಂತ ಹೇಳಿದಾಗ ನಿಮ್ಮ ಗಂಡನ ಮುಖ ಹೇಗಿತ್ತು?’

ಗೊತ್ತಿಲ್ಲ ಎಂದೆ. ಒಲೆ ಊದುತ್ತಾ, ಅವರಿಗೆ ಬೆನ್ನು ಹಾಕಿಕೊಂಡೇ ಹೇಳಿದ್ದೆ. ತಿರುಗಿ ನೋಡಿರಲಿಲ್ಲ. ಯಾಕೆ ನೋಡಲಿಲ್ಲ ಎಂದು ಅವಳು ಕೇಳಲಿಲ್ಲ. ಗಟ್ಟಿಯಾಗಿ ತಬ್ಬಿಕೊಂಡು ಹೋದಳು.

ಗುಡ್ಡ ಕುಸಿದ ಕಡೆ ಜೀಪು ನಿಂತು, ಕೆಸರಿನಲ್ಲಿ ನಡೆದು ದಾಟಿ, ಆಚೆ ಬಸ್ಸು ಹತ್ತಿ ಮಡಿಕೇರಿ ತಲುಪಿದರಂತೆ. ಅಲ್ಲಿ ಅವನು ಮೈಸೂರಿನ ಬಸ್ಸು, ಅವಳು ಮಂಗಳೂರಿನ ಬಸ್ಸು. ಮಡಿಕೇರಿಯವರೆಗೂ ಜೊತೆಗೆ ಹೋಗಿದ್ದ ನಮ್ಮ ಜೀಪಿನವನು ಬಂದು ಹೇಳಿದ. ಅವಳು ಕೊಟ್ಟ ನಂಬರಿಗೆ ನಾನು ಕಳಿಸಿದ ಮೆಸೇಜುಗಳೆಲ್ಲ ಒಂದೇ ಟಿಕ್ಕಿನಲ್ಲಿ ನಿಂತಿವೆ. ಮಗು ಹುಟ್ಟಿತೋ ಇಲ್ಲವೋ... ಹುಟ್ಟಿದ್ದರೆ ಈಗ ಶಾಲೆಗೆ ಹೋಗುವ ವಯಸ್ಸು. ಅತ್ತೆಯೂ ತೀರಿಕೊಂಡರು. ಆ ಹುಡುಗಿಯ ವಿಷಯ ಎತ್ತಿದರೆ ಈಗ ಗಂಡನೂ ಯಾರೆಂದು ಕೇಳುತ್ತಾರೆ.

ಈ ಸಲ ಗಂಡನಿಗೆ ಪಾಯಸದ ಬಟ್ಟಲು ಕೊಟ್ಟು, ಎದುರಿಗೇ ಕೂತು, ಕೇಳಿಯೇಬಿಟ್ಟೆ. ಮಗಳು ಹೊಟ್ಟೆಯಲ್ಲಿದ್ದಾಳೆ ಎಂದು ಹೇಳಿದೆನಲ್ಲ, ಆಗ ನಿಮಗೇನನ್ನಿಸಿತು?

ಅವರು ಇನ್ನೊಂದು ಚಮಚ ಬಾಯಿಗಿಟ್ಟರು.

‘ಯಾವತ್ತ್?’ ಎಂದರು.

ನಾನು ಎದ್ದು ಒಳಗೆ ಬಂದೆ. ಆ ಹುಡುಗಿಯಾದರೂ ಇದ್ದಿದ್ದರೆ ಇದನ್ನು ಹೇಳಿಕೊಳ್ಳುತ್ತಿದ್ದೆ.