ತಾವರೆ ಎಲೆಯಡಿ ಸಿಕ್ಕ ಜಿಗಣೆ

ನಾನು ಓದಿದ್ದು ಎರಡನೇ ಇಯತ್ತೆ. ಮಾಟುಂಗ ಸ್ಟೇಷನ್ ಹೊರಗೆ ಹೂ ಮಾರುತ್ತೇನೆ. ಇಂಗ್ಲಿಷ್ ಶಾಲೆಯ ನನ್ನ ಮೊಮ್ಮಗಳು ಪಾಠದ ವಿಷಯಕ್ಕೆ ನನ್ನ ಹತ್ತಿರ ಬಂದಳೆಂದರೆ ಕೇಳಬೇಕೇ, ನೆಲದ ಮೇಲೆ ನನ್ನ ಕಾಲೇ ನಿಲ್ಲಲಿಲ್ಲ!

"ಅಜ್ಜಿ, ನಾಳೆ ಸ್ಕೂಲ್‌ಗೆ ಜಿಂದಾ ಜಿಗಣಿ ಬೇಕು. ಲಾಸ್ಟ್ ಟೈಮ್ ಜಿಗಣಿ ಅಂತ ಎರೆಹುಳ ತಗೊಂಡು ಹೋದೆ, ಪೂರಾ ಕ್ಲಾಸ್ ನಕ್ಕಿತು." ಕಣ್ಣಲ್ಲಿ ನೀರು.

"ಅಳಬ್ಯಾಡ ನನ್ನವ್ವಾ. ತಾವರಿ ಎಲಿ ಹೊಳ್ಳಿಸಿ ನೋಡು."

ಕೆರೆಯಿಂದ ಬಂದ ಕಟ್ಟು ಬಿಚ್ಚಿ ಇಬ್ಬರೂ ಹುಡುಕಿದೆವು. ಮೊದಲು ಕಂಡವಳು ನಾನೇ. ಉದ್ದಕ್ಕೆ, ಕಂದು ಬಣ್ಣಕ್ಕೆ ಇತ್ತು, ಜಾರುತ್ತಿತ್ತು. "ಸಿಕ್ತು!" ಎಂದು ಬಾಟಲಿಗೆ ಹಾಕಿ, "ಹೆದರಬ್ಯಾಡಪಾ" ಎಂದು ಅದಕ್ಕೆ ಧೈರ್ಯವನ್ನೂ ಹೇಳಿದೆ.

ಪಕ್ಕದ ಹೂವಿನವಳು ಬಗ್ಗಿ ನೋಡಿದಳು. "ಅಕ್ಕಾ, ಅದು ನೀ ಹೂ ಕಟ್ಟೋ ಬಾಳಿ ನಾರು!"

ನಿಜವಾದದ್ದು ಕೊನೆಯ ಎಲೆಯಡಿ ಇತ್ತು. ಅರ್ಧ ಬೆರಳುದ್ದ. ಹಿಂದಿನ ತುದಿ ಅಂಟಿಸಿ, ಮೈ ಚಾಚಿ, ಮುಂದಿನ ತುದಿ ಊರಿ, ಮತ್ತೆ ಹಿಂದಿನದನ್ನು ಎಳೆದುಕೊಂಡಿತು. ನಾನು ಮಾಲೆಗೆ ಗೇಣು ಹಾಕಿದಂತೆಯೇ!

"ಎರೆಹುಳ ಹಿಂಗ ನಡಿಯೂದಿಲ್ಲ. ಇದಕ್ಕ ಎರಡೂ ಕಡಿ ಅಂಟು ಐತಿ ನೋಡು."

"ಪಕ್ಕಾ?"

ಪಕ್ಕಾ ಮಾಡಲು ಅದನ್ನು ಬಾಟಲಿಯ ನೀರಿಗೆ ಬಿಟ್ಟು, ನನ್ನ ಬೆರಳನ್ನೇ ಅದ್ದಿದೆ. ಅದು ಹತ್ತಿರ ಬಂತು, ಮೂಸಿದ ಹಾಗೆ ಮಾಡಿತು, ತಿರುಗಿ ಹೋಯಿತು. ನನಗೆ ಎಂಥ ಅವಮಾನ!

"ನಿನ್ನ ಮೈಯಾಗ ರಕ್ತ ಎಲ್ಲೈತಕ್ಕಾ, ಬರೇ ಚಾ," ಎಂದಳು ಹೂವಿನವಳು.

ಮೊಮ್ಮಗಳ ಮುಖ ಬಾಡಿತು. "ಕಚ್ಚಲಿಲ್ಲ ಅಂದ್ರೆ ಜಿಗಣಿ ಅಲ್ಲ?"

ಊರ ಕೆರೆಯಲ್ಲಿ ಎಮ್ಮೆ ತೊಳೆದವಳು ನಾನು. ಮನುಷ್ಯರ ಗೊಡವೆಗೇ ಬಾರದ ಜಿಗಣೆಯನ್ನೂ ಕಂಡವಳು. ತಾವರೆ ದಂಟಿನಲ್ಲಿದ್ದ ಪುಟ್ಟ ಬಸವನಹುಳವನ್ನು ಬಾಟಲಿಗೆ ಬಿಟ್ಟೆ. ತಗೋ, ಜಿಗಣೆ ನೆಂಟರ ಮನೆ ಊಟಕ್ಕೆ ಹೋದಂತೆ ಗೇಣು ಹಾಕುತ್ತ ಹೋಗಿ, ಚಿಪ್ಪಿನ ಬಾಯಿಗೇ ಅಂಟಿಕೊಂಡಿತು.

"ನೋಡಿದಿ? ಇದು ಬಸವನಹುಳ ತಿನ್ನೋ ಜಾತಿ. ಹಂಗ ಬರಕೋ."

ಬರೆದುಕೊಂಡಳು. ನಾನು ಹೇಳಿದ್ದನ್ನು, ಇಂಗ್ಲಿಷಿನಲ್ಲಿ!

ಮರುದಿನ ಸಂಜೆ ಫುಟ್‌ಪಾತಿನ ಆ ತುದಿಯಿಂದಲೇ ಕೂಗುತ್ತ ಓಡಿ ಬಂದಳು. "ಅಜ್ಜೀ! ಟೀಚರ್ ಬೋಲಿ, ಬರಾಬರ್ ಜಿಗಣಿ! ಅದು ಏನು ತಿಂತದೆ ಅಂತ ಕ್ಲಾಸಲ್ಲಿ ನನಗೆ ಮಾತ್ರ ಗೊತ್ತಿತ್ತು! ಯಾರೂ ನಗಲಿಲ್ಲ!"

ಬಂದವಳೇ ನನ್ನ ಮಡಿಲಿಗೆ ಬಿದ್ದಳು. ಮಡಿಲಲ್ಲಿದ್ದ ಮಲ್ಲಿಗೆಯೆಲ್ಲ ಅಪ್ಪಚ್ಚಿ. ಆಗಲಿ ಬಿಡಿ, ಅವತ್ತು ಹೂ ಯಾರಿಗೆ ಬೇಕಿತ್ತು!